ಮಲೆನಾಡಿನ ಭೂದೃಶ್ಯ ಛಾಯಾಗ್ರಹಣ ಮತ್ತು ಹವ್ಯಾಸಿ ಡ್ರೋನ್ ಹಾರಾಟ

ಭೂದೃಶ್ಯ ಛಾಯಾಗ್ರಹಣ ಎಂಬುದು ಬೆಟ್ಟ, ಕಣಿವೆ, ನದಿ, ಕಾಡು, ಹೊಲ, ಆಕಾಶ ಮುಂತಾದ ನೆಲದ ನೋಟಗಳನ್ನು ಕ್ಯಾಮೆರಾದ ಮೂಲಕ ದಾಖಲಿಸುವ ಛಾಯಾಗ್ರಹಣದ ಒಂದು ಪ್ರಕಾರ. ಇತ್ತೀಚಿನ ವರ್ಷಗಳಲ್ಲಿ ಕ್ಯಾಮೆರಾ ಹೊತ್ತು ಹಾರುವ ಸಣ್ಣ ಮಾನವರಹಿತ ವಿಮಾನ, ಅಂದರೆ ಡ್ರೋನ್, ಈ ಪ್ರಕಾರದ ಸಾಮಾನ್ಯ ಸಲಕರಣೆಗಳಲ್ಲಿ ಒಂದಾಗಿದೆ. ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ಮತ್ತು ಕಳಸ ತಾಲ್ಲೂಕುಗಳ ಕಾಫಿ ಬೆಟ್ಟಗಳು ಭೂದೃಶ್ಯ ಛಾಯಾಗ್ರಾಹಕರನ್ನು ಸೆಳೆಯುವ ಪ್ರದೇಶಗಳಾಗಿವೆ. ಆದರೆ ಮಂಜು, ದೀರ್ಘ ಮಳೆಗಾಲ, ಎತ್ತರದ ನೆರಳುಮರಗಳು, ಕಾಡಾನೆಗಳ ಸಂಚಾರ ಮತ್ತು ಸಂರಕ್ಷಿತ ಅರಣ್ಯಗಳ ಸಾಮೀಪ್ಯದಿಂದಾಗಿ ಇಲ್ಲಿ ಸಲಕರಣೆಗಳ ಆಯ್ಕೆಗೂ ಡ್ರೋನ್ ಹಾರಾಟಕ್ಕೂ ಬಯಲುಸೀಮೆಗಿಂತ ಭಿನ್ನವಾದ ಎಚ್ಚರಿಕೆ ಬೇಕಾಗುತ್ತದೆ. ಈ ಲೇಖನವು ಆ ಸಲಕರಣೆಗಳನ್ನು, ಅವುಗಳ ಕಾರ್ಯವಿಧಾನವನ್ನು ಮತ್ತು ಭಾರತದಲ್ಲಿ ಡ್ರೋನ್ ಹಾರಾಟಕ್ಕೆ ಅನ್ವಯಿಸುವ ನಿಯಮಗಳನ್ನು ವಿವರಿಸುತ್ತದೆ.

ಭೌಗೋಳಿಕ ಹಿನ್ನೆಲೆ

ಗೋಣಿಬೀಡು ಮೂಡಿಗೆರೆ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಇದರ ಸುತ್ತಲಿನ ನೆಲ ಏರಿಳಿತಗಳಿಂದ ಕೂಡಿದ್ದು, ದಿಣ್ಣೆಗಳ ಮೇಲೆ ಕಾಫಿ ತೋಟಗಳೂ ತಗ್ಗುಗಳಲ್ಲಿ ಗದ್ದೆಗಳೂ ಇವೆ. ಹೇಮಾವತಿ ನದಿ ಇದೇ ತಾಲ್ಲೂಕಿನ ಜಾವಳಿಯ ಬಳಿ ಹುಟ್ಟುತ್ತದೆ. ಪಶ್ಚಿಮಕ್ಕೆ ಸಾಗಿದಂತೆ ನೆಲ ಎತ್ತರವಾಗುತ್ತಾ ಹೋಗಿ ಪಶ್ಚಿಮ ಘಟ್ಟಗಳ ಅಂಚಿನಲ್ಲಿ ದಕ್ಷಿಣ ಕನ್ನಡದ ಕಡೆಗೆ ಕಡಿದಾಗಿ ಇಳಿಯುತ್ತದೆ. ಕೊಟ್ಟಿಗೆಹಾರದಿಂದ ಉಜಿರೆಯ ಕಡೆಗೆ ಇಳಿಯುವ ಚಾರ್ಮಾಡಿ ಘಾಟಿ, ದೇವರಮನೆ, ಎತ್ತಿನಭುಜ, ಬಲ್ಲಾಳರಾಯನದುರ್ಗ ಮತ್ತು ರಾಣಿಝರಿ ಈ ಅಂಚಿನ ಪ್ರಸಿದ್ಧ ತಾಣಗಳು. ಹಿಂದೆ ಮೂಡಿಗೆರೆ ತಾಲ್ಲೂಕಿನ ಭಾಗವಾಗಿದ್ದ ಕಳಸ ಈಗ ಪ್ರತ್ಯೇಕ ತಾಲ್ಲೂಕಾಗಿದೆ. ಅದರ ನೆರೆಯಲ್ಲಿ 1987ರಲ್ಲಿ ಘೋಷಿತವಾದ ಕುದುರೆಮುಖ ರಾಷ್ಟ್ರೀಯ ಉದ್ಯಾನವಿದೆ. ಕರ್ನಾಟಕದ ಅತ್ಯಂತ ಎತ್ತರದ ಶಿಖರವಾದ ಮುಳ್ಳಯ್ಯನಗಿರಿ ಚಿಕ್ಕಮಗಳೂರು ನಗರದ ಉತ್ತರಕ್ಕೆ, ಬಾಬಾಬುಡನ್ ಗಿರಿಶ್ರೇಣಿಯಲ್ಲಿದೆ.

ಈ ಪ್ರದೇಶದ ನೋಟಗಳು ಋತುಮಾನದೊಂದಿಗೆ ಬದಲಾಗುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮುಂಗಾರು. ಆಗ ಬೆಟ್ಟಗಳು ಹೆಚ್ಚಿನ ದಿನ ಮೋಡದೊಳಗಿರುತ್ತವೆ. ಅಕ್ಟೋಬರ್‌ನಿಂದ ಫೆಬ್ರುವರಿವರೆಗೆ ಆಕಾಶ ತಿಳಿಯಾಗಿದ್ದು, ಮುಂಜಾನೆ ಕಣಿವೆಗಳಲ್ಲಿ ಮಂಜು ನಿಲ್ಲುತ್ತದೆ. ರಾತ್ರಿ ನೆಲ ತಣ್ಣಗಾದಾಗ ಅದರ ಮೇಲಿನ ತಂಪು ಗಾಳಿ ಭಾರವಾಗಿ ತಗ್ಗಿಗೆ ಹರಿದು ನಿಲ್ಲುತ್ತದೆ. ಅದರಲ್ಲಿನ ನೀರಾವಿ ಸಾಂದ್ರೀಕರಿಸಿ ಮಂಜಾಗುತ್ತದೆ. ಆದ್ದರಿಂದಲೇ ದಿಣ್ಣೆಯ ಮೇಲೆ ನಿಂತವರಿಗೆ ಕಣಿವೆ ಹಾಲು ತುಂಬಿದಂತೆ ಕಾಣುತ್ತದೆ. ಬಿಸಿಲೇರಿ ನೆಲ ಕಾದಂತೆ ಇದು ಕರಗುತ್ತದೆ. ಮಾರ್ಚ್–ಏಪ್ರಿಲ್‌ನಲ್ಲಿ ಹೂಮಳೆ ಬಿದ್ದ ಸುಮಾರು ಒಂದು ವಾರ, ಹತ್ತು ದಿನಗಳ ಬಳಿಕ ಕಾಫಿ ಗಿಡಗಳು ಬೆಳ್ಳಗೆ ಅರಳುತ್ತವೆ. ಈ ಅರಳುವಿಕೆ ಕೆಲವೇ ದಿನ ಉಳಿಯುತ್ತದೆ.

ಇತಿಹಾಸ

ವೈಮಾನಿಕ ಛಾಯಾಗ್ರಹಣ ಡ್ರೋನ್‌ಗಿಂತ ಬಹಳ ಹಳೆಯದು. ಫ್ರಾನ್ಸಿನ ನಾದಾರ್ 1858ರಲ್ಲಿ ಕಟ್ಟಿಹಾಕಿದ ಬಲೂನಿನಿಂದ ಮೊದಲ ವೈಮಾನಿಕ ಛಾಯಾಚಿತ್ರ ತೆಗೆದನು. 1906ರಲ್ಲಿ ಅಮೆರಿಕದ ಜಾರ್ಜ್ ಲಾರೆನ್ಸ್ ಗಾಳಿಪಟಗಳಿಗೆ ಕಟ್ಟಿದ ಕ್ಯಾಮೆರಾದಿಂದ ಭೂಕಂಪದಲ್ಲಿ ನಾಶವಾದ ಸ್ಯಾನ್ ಫ್ರಾನ್ಸಿಸ್ಕೊ ನಗರವನ್ನು ಚಿತ್ರೀಕರಿಸಿದನು. ಜರ್ಮನಿಯ ಯೂಲಿಯುಸ್ ನಾಯ್‌ಬ್ರೊನರ್ ಪಾರಿವಾಳಗಳ ಎದೆಗೆ ಸಣ್ಣ ಕ್ಯಾಮೆರಾ ಕಟ್ಟುವ ವಿಧಾನ ರೂಪಿಸಿದನು. ನೆಲದ ಮೇಲಿನ ಭೂದೃಶ್ಯ ಛಾಯಾಗ್ರಹಣದಲ್ಲಿ 1932ರಲ್ಲಿ ರೂಪುಗೊಂಡ ‘ಎಫ್/64’ ಗುಂಪು ಮತ್ತು ಅದರ ಸದಸ್ಯರಾಗಿದ್ದ ಆನ್ಸೆಲ್ ಆಡಮ್ಸ್ ಮುಖ್ಯರು. ಸಮೀಪದ ಹೂವಿನಿಂದ ದೂರದ ಬೆಟ್ಟದವರೆಗೆ ಎಲ್ಲವೂ ಸ್ಪಷ್ಟವಾಗಿರಬೇಕೆಂಬುದು ಆ ಗುಂಪಿನ ನಿಲುವಾಗಿತ್ತು.

ಕರ್ನಾಟಕದಲ್ಲಿ ಇ. ಹನುಮಂತರಾವ್ ಮತ್ತು ಟಿ.ಎನ್.ಎ. ಪೆರುಮಾಳ್ ಅವರು ನಿಸರ್ಗ ಛಾಯಾಗ್ರಹಣಕ್ಕೆ ಅಂತರರಾಷ್ಟ್ರೀಯ ಮನ್ನಣೆ ತಂದವರಲ್ಲಿ ಪ್ರಮುಖರು. 1971ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಹವ್ಯಾಸಿಗಳ ತರಬೇತಿಗೆ ನೆರವಾದ ಸಂಸ್ಥೆ. ಮೂಡಿಗೆರೆಯೊಂದಿಗೆ ಅತಿ ನಿಕಟ ಸಂಬಂಧವಿರುವ ಹೆಸರು ಕೆ.ಪಿ. ಪೂರ್ಣಚಂದ್ರ ತೇಜಸ್ವಿಯವರದು (1938–2007). ಸಾಹಿತಿಯೂ ಕೃಷಿಕರೂ ಆಗಿದ್ದ ಅವರು ಮೂಡಿಗೆರೆಯ ಬಳಿಯ ‘ನಿರುತ್ತರ’ದಲ್ಲಿ ವಾಸವಾಗಿದ್ದು, ಸುತ್ತಲಿನ ಹಕ್ಕಿಗಳನ್ನು ವರ್ಷಗಟ್ಟಲೆ ಛಾಯಾಚಿತ್ರಗಳಲ್ಲಿ ದಾಖಲಿಸಿದರು. ಅವರ ಹೆಸರಿನ ಪ್ರತಿಷ್ಠಾನ ಕೊಟ್ಟಿಗೆಹಾರದಲ್ಲಿದೆ.

ಸಲಕರಣೆಗಳು

ಕ್ಯಾಮೆರಾ ಮತ್ತು ಮಸೂರ

ಭೂದೃಶ್ಯಕ್ಕೆ ಅತಿವೇಗದ ಕ್ಯಾಮೆರಾ ಅಗತ್ಯವಿಲ್ಲ. ದ್ಯುತಿರಂಧ್ರ, ಷಟರ್ ವೇಗ ಮತ್ತು ಐಎಸ್‌ಒಗಳನ್ನು ಕೈಯಿಂದಲೇ ನಿಗದಿಪಡಿಸಲು ಸಾಧ್ಯವಿರುವ, ಕಚ್ಚಾ ಕಡತ ಉಳಿಸುವ ಯಾವುದೇ ಕ್ಯಾಮೆರಾ ಸಾಕಾಗುತ್ತದೆ. ಕಚ್ಚಾ ಕಡತ ಅಥವಾ ‘ರಾ’ ಕಡತದಲ್ಲಿ ಸಂವೇದಕ ಗ್ರಹಿಸಿದ ಮಾಹಿತಿ ಹೆಚ್ಚು ಉಳಿಯುವುದರಿಂದ, ನಂತರ ನೆರಳಿನ ಭಾಗವನ್ನು ಬೆಳಗಿಸಲು ಮತ್ತು ಬಣ್ಣ ಸರಿಪಡಿಸಲು ಅವಕಾಶವಿರುತ್ತದೆ.

ಪೂರ್ಣಚೌಕಟ್ಟಿನ ಕ್ಯಾಮೆರಾದಲ್ಲಿ 16ರಿಂದ 35 ಮಿ.ಮೀ. ಸಂಗಮ ದೂರದ ವಿಶಾಲಕೋನ ಮಸೂರ ವಾಡಿಕೆಯ ಆಯ್ಕೆ. ಆದರೆ ಮಲೆನಾಡಿನ ಪದರಪದರವಾದ ಬೆಟ್ಟಗಳನ್ನು ವಿಶಾಲಕೋನದಲ್ಲಿ ತೆಗೆದರೆ ಅವು ಗೆರೆಗಳಷ್ಟೇ ಆಗಿ ಕುಗ್ಗುತ್ತವೆ. 70ರಿಂದ 200 ಮಿ.ಮೀ. ದೂರಮಸೂರ ದೃಶ್ಯದ ಸಣ್ಣ ಭಾಗವನ್ನು ಆರಿಸಿ, ಒಂದರ ಹಿಂದೊಂದಿರುವ ಸಾಲುಗಳನ್ನು ಹತ್ತಿರ ತಂದು ತೋರಿಸುತ್ತದೆ. ಮಂಜಿನ ನಡುವೆ ತಲೆಯೆತ್ತಿದ ಸಿಲ್ವರ್ ಓಕ್ ಮರಗಳ ಚಿತ್ರಗಳು ಹೆಚ್ಚಾಗಿ ದೂರಮಸೂರದಿಂದಲೇ ದೊರೆಯುತ್ತವೆ.

ಸಾಮಾನ್ಯವಾಗಿ ಎಫ್/8ರಿಂದ ಎಫ್/11ರ ನಡುವಿನ ದ್ಯುತಿರಂಧ್ರ ಬಳಸಲಾಗುತ್ತದೆ. ಇದಕ್ಕಿಂತ ಬಹಳ ಕಿರಿದುಗೊಳಿಸಿದರೆ ಬೆಳಕಿನ ವಿವರ್ತನೆಯಿಂದಾಗಿ ಇಡೀ ಚಿತ್ರದ ಸ್ಪಷ್ಟತೆ ಕಡಿಮೆಯಾಗುತ್ತದೆ. ಹತ್ತಿರದಿಂದ ಅನಂತದವರೆಗೆ ಸ್ಪಷ್ಟತೆ ಬೇಕಾದಾಗ ‘ಅತಿನಾಭಿ ದೂರ’ಕ್ಕೆ ಮಸೂರವನ್ನು ಹೊಂದಿಸಬೇಕು. ಉದಾಹರಣೆಗೆ, ಪೂರ್ಣಚೌಕಟ್ಟಿನ ಕ್ಯಾಮೆರಾದಲ್ಲಿ 20 ಮಿ.ಮೀ. ಮಸೂರವನ್ನು ಎಫ್/11ರಲ್ಲಿ ಬಳಸಿದರೆ ಆ ದೂರ ಸುಮಾರು 1.2 ಮೀಟರ್. ಅಷ್ಟು ದೂರಕ್ಕೆ ನಾಭೀಕರಿಸಿದರೆ ಅದರ ಅರ್ಧ, ಅಂದರೆ ಸುಮಾರು 60 ಸೆಂ.ಮೀ.ನಿಂದ ದಿಗಂತದವರೆಗೆ ಎಲ್ಲವೂ ಒಪ್ಪತಕ್ಕಷ್ಟು ಸ್ಪಷ್ಟವಾಗಿರುತ್ತದೆ.

ಮುಕ್ಕಾಲಿ

ಮುಂಜಾನೆಯ ಮತ್ತು ಮುಸ್ಸಂಜೆಯ ಬೆಳಕಿನಲ್ಲಿ ಷಟರ್ ದೀರ್ಘಕಾಲ ತೆರೆದಿರಬೇಕಾದುದರಿಂದ ಮುಕ್ಕಾಲಿ, ಅಂದರೆ ಟ್ರೈಪಾಡ್, ಅನಿವಾರ್ಯ. ಗಾಳಿ ಬೀಸುವ ಗುಡ್ಡಗಳಲ್ಲಿ ನಡುಕಂಬವನ್ನು ಎತ್ತದೆ, ಕಾಲುಗಳನ್ನು ಅಗಲಿಸಿ, ಚೀಲವನ್ನು ಕೊಕ್ಕೆಗೆ ತೂಗುಹಾಕುವುದರಿಂದ ಅಲುಗಾಟ ತಗ್ಗುತ್ತದೆ. ತೂಗುಹಾಕಿದ ಚೀಲ ಗಾಳಿಗೆ ತೊನೆಯದಂತೆ ನೆಲಕ್ಕೆ ತಾಗಿರಬೇಕು. ಷಟರ್ ಗುಂಡಿ ಒತ್ತುವಾಗಿನ ಕಂಪನ ತಪ್ಪಿಸಲು ಎರಡು ಸೆಕೆಂಡಿನ ಸ್ವಯಂಚಾಲಿತ ವಿಳಂಬ ಬಳಸಬಹುದು. ಒದ್ದೆ ಹುಲ್ಲು ಮತ್ತು ಜಾರುವ ಬಂಡೆಗಳ ಮೇಲೆ ರಬ್ಬರ್ ಪಾದಗಳಿಗಿಂತ ಮೊನೆಯುಳ್ಳ ಪಾದಗಳು ಹೆಚ್ಚು ಭದ್ರ.

ಶೋಧಕಗಳು

ಮಸೂರದ ಮುಂದೆ ಅಳವಡಿಸುವ ಗಾಜಿನ ಶೋಧಕಗಳು ಅಥವಾ ಫಿಲ್ಟರ್‌ಗಳಲ್ಲಿ ಮೂರು ಮುಖ್ಯವಾದವು.

ಧ್ರುವೀಕರಣ ಶೋಧಕ: ಮಳೆ ನಿಂತ ಮೇಲೆ ಕಾಫಿ ಎಲೆಗಳು ಆಕಾಶವನ್ನು ಪ್ರತಿಫಲಿಸಿ ಬಿಳಿಚಿ ಕಾಣುತ್ತವೆ. ಈ ಶೋಧಕವನ್ನು ತಿರುಗಿಸಿದಾಗ ಆ ಹೊಳಪು ಹೋಗಿ ಎಲೆಯ ನಿಜವಾದ ಹಸಿರು ಕಾಣುತ್ತದೆ. ಇದು ಒಂದರಿಂದ ಎರಡು ‘ಸ್ಟಾಪ್’ ಬೆಳಕನ್ನು ತಡೆಯುತ್ತದೆ. ವಿಶಾಲಕೋನ ಮಸೂರದೊಂದಿಗೆ ಬಳಸಿದರೆ ಆಕಾಶದ ನೀಲಿ ಒಂದೆಡೆ ಗಾಢವಾಗಿ, ಇನ್ನೊಂದೆಡೆ ತಿಳಿಯಾಗಿ ಕಾಣುವ ದೋಷವುಂಟಾಗಬಹುದು.

ತಟಸ್ಥ ಸಾಂದ್ರತಾ ಶೋಧಕ: ಬಣ್ಣ ಬದಲಿಸದೆ ಬೆಳಕನ್ನಷ್ಟೇ ಕಡಿಮೆ ಮಾಡುತ್ತದೆ. ಒಂದು ಸ್ಟಾಪ್ ಎಂದರೆ ಬೆಳಕಿನ ಅರ್ಧದಷ್ಟು ಕಡಿತ. ಹತ್ತು ಸ್ಟಾಪ್ ಶೋಧಕ ಬೆಳಕನ್ನು ಸುಮಾರು ಸಾವಿರದ ಒಂದು ಭಾಗಕ್ಕೆ ಇಳಿಸುತ್ತದೆ. ಆದ್ದರಿಂದ ಸೆಕೆಂಡಿನ ಮೂವತ್ತನೇ ಒಂದು ಭಾಗದಲ್ಲಿ ತೆಗೆಯಬಹುದಾದ ಚಿತ್ರಕ್ಕೆ ಸುಮಾರು 34 ಸೆಕೆಂಡು ಬೇಕಾಗುತ್ತದೆ. ಝರಿಯ ನೀರಿಗೆ ಇಷ್ಟು ಅಗತ್ಯವಿಲ್ಲ. ಕಾಲು ಸೆಕೆಂಡಿನಿಂದ ಎರಡು ಸೆಕೆಂಡಿನವರೆಗಿನ ಅವಧಿ ಸಾಮಾನ್ಯವಾಗಿ ಸಾಕು.

ಕ್ರಮಾಂಕಿತ ಶೋಧಕ: ಮೇಲ್ಭಾಗ ಗಾಢವಾಗಿದ್ದು ಕೆಳಭಾಗ ಪಾರದರ್ಶಕವಾಗಿರುತ್ತದೆ. ಪ್ರಕಾಶಮಾನವಾದ ಆಕಾಶವನ್ನೂ ನೆರಳಿನಲ್ಲಿರುವ ನೆಲವನ್ನೂ ಒಂದೇ ಚಿತ್ರದಲ್ಲಿ ಹಿಡಿಯಲು ನೆರವಾಗುತ್ತದೆ. ಇದಕ್ಕೆ ಬದಲಾಗಿ ಬೇರೆಬೇರೆ ಪ್ರಕಾಶದ ಹಲವು ಚಿತ್ರ ತೆಗೆದು ಜೋಡಿಸುವ ಕ್ರಮವೂ ಇದೆ. ಆದರೆ ಮಂಜು ಚಲಿಸುತ್ತಿರುವಾಗ ಜೋಡಣೆ ಸರಿಯಾಗಿ ಕೂಡುವುದಿಲ್ಲ.

ಮಂಜಿನ ಮಾಪನ

ಕ್ಯಾಮೆರಾದ ಬೆಳಕಿನ ಮಾಪಕ ಪ್ರತಿಯೊಂದು ದೃಶ್ಯವನ್ನೂ ಮಧ್ಯಮ ಬೂದುಬಣ್ಣವೆಂದು ಭಾವಿಸಿ ಲೆಕ್ಕ ಹಾಕುತ್ತದೆ. ಆದ್ದರಿಂದ ಬಿಳಿ ಮಂಜು ಚಿತ್ರದಲ್ಲಿ ಮಂಕಾದ ಬೂದಿಯಂತೆ ಕಾಣುತ್ತದೆ. ಮಾಪಕ ಸೂಚಿಸಿದ್ದಕ್ಕಿಂತ ಸುಮಾರು ಒಂದು ಸ್ಟಾಪ್ ಹೆಚ್ಚು ಬೆಳಕು ಕೊಟ್ಟರೆ ಮಂಜು ಬೆಳ್ಳಗಾಗಿ ಬರುತ್ತದೆ. ಬಿಳಿಯ ಭಾಗಗಳಲ್ಲಿ ವಿವರ ನಾಶವಾಗಿದೆಯೇ ಎಂಬುದನ್ನು ಕ್ಯಾಮೆರಾದ ಸ್ತಂಭಾಲೇಖದಲ್ಲಿ ನೋಡಿ ತಿಳಿಯಬೇಕು. ಆಲೇಖ ಬಲ ಅಂಚಿಗೆ ಒತ್ತಿಕೊಂಡಿದ್ದರೆ ವಿವರ ಹೋಗಿದೆ ಎಂದರ್ಥ.

ತೇವದಿಂದ ರಕ್ಷಣೆ

ಮಲೆನಾಡಿನಲ್ಲಿ ಕ್ಯಾಮೆರಾಗಳು ಬಿದ್ದು ಒಡೆಯುವುದಕ್ಕಿಂತ ಬೂಷ್ಟು ಹಿಡಿದು ಹಾಳಾಗುವ ಸಂಭವ ಹೆಚ್ಚು. ಗಾಳಿಯ ಆರ್ದ್ರತೆ ದೀರ್ಘಕಾಲ ಹೆಚ್ಚಾಗಿದ್ದರೆ ಮಸೂರದ ಒಳಗಾಜಿನ ಮೇಲೆ ಜೇಡರ ಬಲೆಯಂತಹ ಶಿಲೀಂಧ್ರ ಬೆಳೆಯುತ್ತದೆ. ಅದು ಗಾಜಿನ ಲೇಪನವನ್ನು ಕೊರೆದರೆ ಶುಚಿಗೊಳಿಸಿದರೂ ಕಲೆ ಉಳಿಯುತ್ತದೆ. ಇದನ್ನು ತಡೆಯುವ ಕ್ರಮಗಳು ಇವು:

• ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಮತ್ತು ಸಣ್ಣ ಆರ್ದ್ರತಾ ಮಾಪಕದೊಂದಿಗೆ ಸಲಕರಣೆಗಳನ್ನು ಇಡುವುದು. ಆರ್ದ್ರತೆ ಶೇಕಡ 40ರಿಂದ 50ರ ನಡುವೆ ಇರುವುದು ಸೂಕ್ತ.
• ನೀಲಿ ಸಿಲಿಕಾ ಜೆಲ್ ತೇವ ಹೀರಿದಾಗ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಆಗ ಅದನ್ನು ಕಾಯಿಸಿ ಮತ್ತೆ ಬಳಸಬೇಕು.
• ಚರ್ಮದ ಮತ್ತು ಬಟ್ಟೆಯ ಚೀಲಗಳು ತೇವವನ್ನು ಹಿಡಿದಿಡುವುದರಿಂದ ಅವುಗಳಲ್ಲಿ ಕ್ಯಾಮೆರಾವನ್ನು ದೀರ್ಘಕಾಲ ಇಡಬಾರದು.
• ತಂಪಾದ ಹೊರಗಿನಿಂದ ಬೆಚ್ಚಗಿನ ಕೋಣೆಗೆ ತಂದ ಕೂಡಲೇ ಗಾಜಿನ ಮೇಲೆ ಹನಿ ಕಟ್ಟುತ್ತದೆ. ಕ್ಯಾಮೆರಾವನ್ನು ಚೀಲದಲ್ಲೇ ಮುಚ್ಚಿಟ್ಟು, ಕೋಣೆಯ ಉಷ್ಣತೆಗೆ ಬಂದ ನಂತರ ತೆಗೆಯಬೇಕು.
• ಬಳಸದ ಮಸೂರವನ್ನು ಆಗಾಗ ಹೊರತೆಗೆದು ಬೆಳಕಿಗೆ ಹಿಡಿದು ಪರೀಕ್ಷಿಸಬೇಕು.

ಮಳೆಗಾಲದಲ್ಲಿ ಚಿತ್ರ ತೆಗೆಯಲು ಹೋಗುವವರು ಇಂಬಳಗಳಿಂದ ರಕ್ಷಿಸಿಕೊಳ್ಳಲು ಉದ್ದದ ಕಾಲುಚೀಲ ಧರಿಸುವುದು ವಾಡಿಕೆ. ಘಟ್ಟದ ರಸ್ತೆಗಳ ಅಂಚಿನಲ್ಲಿ ನಿಲ್ಲುವುದು ಅಪಾಯಕರ. 2019ರ ಆಗಸ್ಟ್‌ನ ಭಾರೀ ಮಳೆಯಲ್ಲಿ ಚಾರ್ಮಾಡಿ ಘಾಟಿಯಲ್ಲಿ ಭೂಕುಸಿತಗಳಾಗಿ ಸಂಚಾರ ಸ್ಥಗಿತಗೊಂಡಿತ್ತು.

ಹವ್ಯಾಸಿ ಡ್ರೋನ್

ಕಾರ್ಯವಿಧಾನ

ಛಾಯಾಗ್ರಹಣದ ಡ್ರೋನ್‌ಗಳಲ್ಲಿ ಸಾಮಾನ್ಯವಾಗಿ ನಾಲ್ಕು ತಿರುಗುರೆಕ್ಕೆಗಳಿರುತ್ತವೆ. ಎರಡು ಪ್ರದಕ್ಷಿಣವಾಗಿಯೂ ಎರಡು ಅಪ್ರದಕ್ಷಿಣವಾಗಿಯೂ ತಿರುಗುವುದರಿಂದ ಯಂತ್ರ ತನ್ನ ಅಕ್ಷದಲ್ಲಿ ಸುತ್ತುವುದಿಲ್ಲ. ಉಪಗ್ರಹ ಸಂಕೇತಗಳಿಂದ ಸ್ಥಾನವನ್ನೂ, ವಾಯುಭಾರ ಮಾಪಕದಿಂದ ಎತ್ತರವನ್ನೂ, ದಿಕ್ಸೂಚಿಯಿಂದ ದಿಕ್ಕನ್ನೂ ಅದು ತಿಳಿಯುತ್ತದೆ. ಕ್ಯಾಮೆರಾವನ್ನು ಅಲುಗದಂತೆ ಹಿಡಿಯುವ ಸಮತೋಲಕಕ್ಕೆ ಗಿಂಬಲ್ ಎನ್ನುತ್ತಾರೆ. ಸಂಪರ್ಕ ಕಡಿದಾಗ ಅಥವಾ ಬ್ಯಾಟರಿ ಇಳಿದಾಗ ಹೊರಟ ಸ್ಥಳಕ್ಕೆ ತಾನಾಗಿ ಮರಳುವ ವ್ಯವಸ್ಥೆ ಹೆಚ್ಚಿನ ಡ್ರೋನ್‌ಗಳಲ್ಲಿದೆ. ಈ ವ್ಯವಸ್ಥೆಯ ಮೇಲೆ ಪೂರ್ತಿ ಭರವಸೆಯಿಡುವುದು ಬೆಟ್ಟ ಪ್ರದೇಶದಲ್ಲಿ ಅಪಘಾತಕ್ಕೆ ಕಾರಣವಾಗಬಹುದು.

ಎತ್ತರದ ಲೆಕ್ಕ

ನಿಯಂತ್ರಕದ ಪರದೆಯಲ್ಲಿ ಕಾಣುವ ಎತ್ತರ ಡ್ರೋನ್ ಹೊರಟ ಜಾಗದಿಂದ ಅಳೆದದ್ದು; ಅದರ ಕೆಳಗಿರುವ ನೆಲದಿಂದ ಅಳೆದದ್ದಲ್ಲ. ಬಯಲಿನಲ್ಲಿ ಇವೆರಡೂ ಒಂದೇ. ಬೆಟ್ಟದಲ್ಲಿ ಬೇರೆಬೇರೆ. ಬೆಟ್ಟದ ಅಂಚಿನಿಂದ ಹೊರಟ ಡ್ರೋನ್ ಏರದೆ ಇಳಿಯದೆ ಮುಂದೆ ಸಾಗಿ, 250 ಮೀಟರ್ ಆಳದ ಕಣಿವೆಯ ಮೇಲೆ ಬಂದರೆ, ಪರದೆಯಲ್ಲಿ ಎತ್ತರ ಶೂನ್ಯವೆಂದೇ ಇರುತ್ತದೆ. ಆದರೆ ನೆಲದಿಂದ ಅದು 250 ಮೀಟರ್ ಮೇಲಿರುತ್ತದೆ, ಅಂದರೆ ಅನುಮತಿಯಿಲ್ಲದೆ ಹಾರಿಸಬಹುದಾದ 120 ಮೀಟರಿನ ಎರಡು ಪಟ್ಟಿಗಿಂತ ಹೆಚ್ಚು. ಇದಕ್ಕೆ ವಿರುದ್ಧವಾಗಿ, ಗದ್ದೆಯಿಂದ ಹೊರಟು 60 ಮೀಟರ್ ಎತ್ತರದಲ್ಲಿ ದಿಣ್ಣೆಯ ಕಡೆಗೆ ಸಾಗಿದರೆ ನೆಲವೇ ಮೇಲೇರಿ ಬಂದು, ಡ್ರೋನ್ ಮರಗಳಿಗೆ ಬಡಿಯುತ್ತದೆ.

ಮರಳುವ ಎತ್ತರವನ್ನು ಇದೇ ಕಾರಣಕ್ಕೆ ಸ್ಥಳಕ್ಕನುಗುಣವಾಗಿ ಹೊಂದಿಸಬೇಕು. ನಡುವಿನ ದಿಣ್ಣೆ ಹೊರಟ ಸ್ಥಳಕ್ಕಿಂತ 40 ಮೀಟರ್ ಎತ್ತರವಾಗಿದ್ದು, ಅದರ ಮೇಲಿನ ಸಿಲ್ವರ್ ಓಕ್ ಮರಗಳು 30 ಮೀಟರ್ ಇದ್ದರೆ, 20 ಮೀಟರ್ ಅಂತರ ಸೇರಿಸಿ ಮರಳುವ ಎತ್ತರವನ್ನು 90 ಮೀಟರ್ ಇಡಬೇಕಾಗುತ್ತದೆ.

ಗಾಳಿ ಮತ್ತು ಬ್ಯಾಟರಿ

ಮೊದಲಿಗರು ಡ್ರೋನ್ ಕಳೆದುಕೊಳ್ಳುವ ಸಾಮಾನ್ಯ ಕಾರಣಗಳಲ್ಲಿ ಒಂದು, ಗಾಳಿ ಬೀಸುವ ದಿಕ್ಕಿಗೆ ದೂರ ಕಳುಹಿಸಿ ಮರಳಿ ತರಲಾಗದಿರುವುದು. ಸೆಕೆಂಡಿಗೆ 10 ಮೀಟರ್ ವೇಗದ ಡ್ರೋನ್, ಸೆಕೆಂಡಿಗೆ 6 ಮೀಟರ್ ಗಾಳಿಯಲ್ಲಿ ಹಾರುತ್ತಿದೆ ಎಂದಿಟ್ಟುಕೊಳ್ಳೋಣ. ಗಾಳಿಯ ಜೊತೆಗೆ ಹೋಗುವಾಗ ಅದರ ವೇಗ 16 ಮೀಟರ್. 960 ಮೀಟರ್ ದೂರವನ್ನು ಒಂದು ನಿಮಿಷದಲ್ಲಿ ಕ್ರಮಿಸುತ್ತದೆ. ಮರಳುವಾಗ ಗಾಳಿಗೆ ಎದುರಾಗಿ ವೇಗ 4 ಮೀಟರ್ ಮಾತ್ರ. ಅದೇ ದೂರಕ್ಕೆ ನಾಲ್ಕು ನಿಮಿಷ ಬೇಕು. ಆದ್ದರಿಂದ ಮೊದಲು ಗಾಳಿಗೆ ಎದುರಾಗಿ ಹೋಗಿ, ಮರಳುವಾಗ ಗಾಳಿಯ ನೆರವು ಪಡೆಯುವುದು ರೂಢಿಯ ನಿಯಮ. ಬ್ಯಾಟರಿ ಶೇಕಡ 30ಕ್ಕೆ ಇಳಿಯುವಷ್ಟರಲ್ಲಿ ಇಳಿಸುವ ತಯಾರಿ ನಡೆಸಬೇಕು.

ಬೆಟ್ಟದ ನೆತ್ತಿಯ ಮೇಲೆ ಗಾಳಿಯ ವೇಗ ಕಣಿವೆಗಿಂತ ಹೆಚ್ಚು. ಗಾಳಿಗೆ ಮರೆಯಾದ ಪಾರ್ಶ್ವದಲ್ಲಿ ಅದು ಸುಳಿಗಳಾಗಿ ಕೆಳಗೆ ಒತ್ತುತ್ತದೆ. ಘಟ್ಟದ ಅಂಚಿನಲ್ಲಿ ನಿಂತವರಿಗೆ ಗಾಳಿ ಶಾಂತವಾಗಿ ತೋರಿದರೂ ಕೆಲವೇ ಮೀಟರ್ ಮೇಲೆ ಅದು ಪ್ರಬಲವಾಗಿರಬಹುದು.

ಡ್ರೋನ್‌ಗಳಲ್ಲಿ ಬಳಸುವ ಲಿಥಿಯಂ ಬ್ಯಾಟರಿಗಳು ಚಳಿಯಲ್ಲಿ ಬೇಗ ಶಕ್ತಿ ಕಳೆದುಕೊಳ್ಳುತ್ತವೆ. ಉಬ್ಬಿದ ಅಥವಾ ಜಜ್ಜಿದ ಬ್ಯಾಟರಿ ಹೊತ್ತಿಕೊಳ್ಳಬಹುದಾದ್ದರಿಂದ ಅದನ್ನು ಬಳಸಬಾರದು. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಗಿರಿಗಳ ಹುಲ್ಲುಗಾವಲು ಒಣಗಿರುತ್ತದೆ. ಅಲ್ಲಿ ಬಿದ್ದು ಒಡೆದ ಬ್ಯಾಟರಿಯೊಂದು ಕಾಳ್ಗಿಚ್ಚಿಗೆ ಕಾರಣವಾಗಬಲ್ಲದು.

ಮಂಜು, ನೀರು ಮತ್ತು ಕಬ್ಬಿಣ

ಹೆಚ್ಚಿನ ಹವ್ಯಾಸಿ ಡ್ರೋನ್‌ಗಳಿಗೆ ಜಲನಿರೋಧಕ ಕವಚವಿಲ್ಲ. ಮಂಜಿನ ಹನಿಗಳು ಮೋಟಾರು ಮತ್ತು ವಿದ್ಯುನ್ಮಾನ ಭಾಗಗಳಲ್ಲಿ ಸೇರುತ್ತವೆ. ಅಡಚಣೆಗಳನ್ನು ಗುರುತಿಸುವ ಕ್ಯಾಮೆರಾ ಸಂವೇದಕಗಳು ಮಂಜಿನಲ್ಲಿ ಮತ್ತು ಮಂದ ಬೆಳಕಿನಲ್ಲಿ ಕುರುಡಾಗುತ್ತವೆ. ನಿಶ್ಚಲ ನೀರಿನ ಮೇಲೂ ಕೆಳಮುಖ ಸಂವೇದಕಗಳು ತಪ್ಪು ಅಳತೆ ಕೊಡುತ್ತವೆ. ಮಂಜಿನ ಪದರದ ಮೇಲಿನಿಂದ ಚಿತ್ರ ತೆಗೆಯಬೇಕಾದರೆ ಮಂಜಿನ ಮೇಲಿರುವ ದಿಣ್ಣೆಯಿಂದಲೇ ಹೊರಡಬೇಕೇ ಹೊರತು ಮಂಜನ್ನು ಭೇದಿಸಿ ಏರಿಸಬಾರದು.

ಬಾಬಾಬುಡನ್ ಗಿರಿ ಮತ್ತು ಕುದುರೆಮುಖ ಕಬ್ಬಿಣದ ಅದಿರಿನ ಪ್ರದೇಶಗಳು. ಕುದುರೆಮುಖದಲ್ಲಿ 2005ರ ಅಂತ್ಯದವರೆಗೂ ಮ್ಯಾಗ್ನಟೈಟ್ ಅದಿರಿನ ಗಣಿಗಾರಿಕೆ ನಡೆಯುತ್ತಿತ್ತು. ಕಾಂತೀಯ ಗುಣವುಳ್ಳ ಬಂಡೆ, ಕಬ್ಬಿಣದ ಕಟಕಟೆ ಅಥವಾ ಜೀಪಿನ ಬಾನೆಟ್ಟಿನ ಮೇಲಿಂದ ಡ್ರೋನ್ ಹೊರಟರೆ ಅದರ ದಿಕ್ಸೂಚಿ ತಪ್ಪು ದಿಕ್ಕು ತೋರಬಹುದು. ದಿಕ್ಸೂಚಿಯ ಎಚ್ಚರಿಕೆ ಪರದೆಯ ಮೇಲೆ ಬಂದಾಗ ಅದನ್ನು ಅಲಕ್ಷಿಸದೆ ಜಾಗ ಬದಲಿಸಬೇಕು.

ತೋಟದ ಅಡಚಣೆಗಳು

ಕಾಫಿ ಒಣಗಿಸುವ ಕಣ ಸಮತಟ್ಟಾಗಿದ್ದು, ಮೇಲೆ ಆಕಾಶ ತೆರೆದಿರುವುದರಿಂದ ಡ್ರೋನ್ ಹೊರಡಿಸಲು ಅನುಕೂಲ. ಆದರೆ ಕೊಯ್ಲಿನ ಕಾಲದಲ್ಲಿ ಅಲ್ಲಿ ಜನ ಕೆಲಸದಲ್ಲಿರುತ್ತಾರೆ. ಕಾಫಿ ಸಿಪ್ಪೆಯ ಹೊಟ್ಟು ಮತ್ತು ಧೂಳು ಎದ್ದು ಮೋಟಾರಿಗೆ ಸೇರುತ್ತದೆ. ನೆಲಹಾಸು ಹಾಸಿ ಅದರ ಮೇಲಿನಿಂದ ಹೊರಡಿಸುವುದು ಲೇಸು. ತೋಟಗಳ ನಡುವೆ ಹಾದುಹೋಗುವ ವಿದ್ಯುತ್ ತಂತಿಗಳು ಸಂವೇದಕಗಳಿಗೆ ಕಾಣುವುದಿಲ್ಲ. ಹಾರಿಸುವ ಮೊದಲು ಕಂಬಗಳ ಸಾಲನ್ನು ನಡೆದು ನೋಡಿಕೊಳ್ಳಬೇಕು. ಡ್ರೋನ್ ತಂತಿಯ ಮೇಲೆ ಸಿಲುಕಿದರೆ ಕೋಲಿನಿಂದ ಬಿಡಿಸಲು ಯತ್ನಿಸುವುದು ಪ್ರಾಣಾಪಾಯಕರ. ವಿದ್ಯುತ್ ಸರಬರಾಜು ಕಚೇರಿಗೆ ತಿಳಿಸಬೇಕು. ಆನೆಗಳನ್ನು ತಡೆಯಲು ಹಾಕಿರುವ ಐಬೆಕ್ಸ್ ಬೇಲಿಗಳ ಆಚೆ ಬಿದ್ದ ಡ್ರೋನ್ ಹುಡುಕುವಾಗಲೂ ತೋಟದವರ ನೆರವಿಲ್ಲದೆ ಒಳಹೋಗಬಾರದು.

ವನ್ಯಜೀವಿಗಳ ಮೇಲಿನ ಪರಿಣಾಮ

ಮೂಡಿಗೆರೆ ತಾಲ್ಲೂಕಿನಲ್ಲಿ ಕಾಡಾನೆಗಳು ಹಗಲು ಹೊತ್ತು ಕಾಫಿ ತೋಟಗಳಲ್ಲೇ ನಿಲ್ಲುವುದುಂಟು. ತೋಟದ ಕಾರ್ಮಿಕರು ಆನೆ ದಾಳಿಗೆ ಸಿಲುಕಿ ಪ್ರಾಣ ಕಳೆದುಕೊಂಡ ಘಟನೆಗಳು ನಡೆದಿವೆ. ಡ್ರೋನಿನ ಸದ್ದಿಗೆ ಬೆದರಿದ ಆನೆ ಯಾವ ಕಡೆಗೆ ಓಡುತ್ತದೆಂದು ಹೇಳಲಾಗದು. ಚಿತ್ರ ತೆಗೆಯುವವನು ದೂರದ ದಿಣ್ಣೆಯಲ್ಲಿ ಸುರಕ್ಷಿತವಾಗಿರುತ್ತಾನೆ. ಆನೆ ನುಗ್ಗುವ ಕಡೆ ಕಾಫಿ ಕೊಯ್ಯುತ್ತಿರುವವರು ಗಿಡಗಳ ಮರೆಯಲ್ಲಿ ಅವನ ಪರದೆಗೆ ಕಾಣುವುದೂ ಇಲ್ಲ. ಆದ್ದರಿಂದ ಆನೆ ಬಂದಿರುವ ಸುದ್ದಿಯಿರುವ ತೋಟದ ಮೇಲೆ ಹವ್ಯಾಸಿಗಳು ಡ್ರೋನ್ ಹಾರಿಸಬಾರದು. ಅರಣ್ಯ ಇಲಾಖೆಯು ಆನೆಗಳ ಇರುವಿಕೆ ಪತ್ತೆಗೆ ಡ್ರೋನ್ ಬಳಸುವಾಗ ನೆಲದ ಮೇಲೆ ಸಿಬ್ಬಂದಿಯೂ ಜನರಿಗೆ ಎಚ್ಚರಿಕೆ ನೀಡುವ ವ್ಯವಸ್ಥೆಯೂ ಇರುತ್ತದೆ. ಹವ್ಯಾಸಿಗೆ ಅವು ಇರುವುದಿಲ್ಲ.

ಹದ್ದು, ಗಿಡುಗ ಮುಂತಾದ ಬೇಟೆಹಕ್ಕಿಗಳು ತಮ್ಮ ವಲಯಕ್ಕೆ ಬಂದ ಡ್ರೋನ್ ಮೇಲೆ ಎರಗುವುದುಂಟು. ತಿರುಗುರೆಕ್ಕೆಗೆ ಸಿಕ್ಕ ಹಕ್ಕಿ ಗಾಯಗೊಳ್ಳುತ್ತದೆ. ಬಂಡೆಯ ಪ್ರಪಾತಗಳಲ್ಲಿ ಗೂಡು ಕಟ್ಟುವ ಹಕ್ಕಿಗಳು ಪದೇಪದೇ ಬೆದರಿದರೆ ಮೊಟ್ಟೆ ಮರಿಗಳನ್ನು ತೊರೆಯಬಹುದು. ಹಕ್ಕಿ ಸುತ್ತತೊಡಗಿದ ಕೂಡಲೇ ಹಾರಾಟ ನಿಲ್ಲಿಸಿ, ಆ ಸ್ಥಳದಿಂದ ದೂರ ಸರಿಸಿ ಇಳಿಸುವುದೇ ಸರಿಯಾದ ಕ್ರಮ.

ಕಾನೂನು ಮತ್ತು ನಿಯಮಗಳು

ಡ್ರೋನ್ ನಿಯಮಗಳು, 2021

ಭಾರತದಲ್ಲಿ ಡ್ರೋನ್ ಹಾರಾಟವನ್ನು ನಾಗರಿಕ ವಿಮಾನಯಾನ ಸಚಿವಾಲಯವು 2021ರ ಆಗಸ್ಟ್‌ನಲ್ಲಿ ಹೊರಡಿಸಿದ ಡ್ರೋನ್ ನಿಯಮಗಳು ನಿಯಂತ್ರಿಸುತ್ತವೆ. ಅನುಷ್ಠಾನದ ಹೊಣೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ್ದು. ಪೂರ್ಣ ತೂಕದ ಆಧಾರದ ಮೇಲೆ ಡ್ರೋನ್‌ಗಳನ್ನು ಐದು ವರ್ಗಗಳಾಗಿ ವಿಂಗಡಿಸಲಾಗಿದೆ:

• ನ್ಯಾನೋ: 250 ಗ್ರಾಂವರೆಗೆ
• ಮೈಕ್ರೋ: 250 ಗ್ರಾಂಗಿಂತ ಹೆಚ್ಚು, 2 ಕಿಲೋಗ್ರಾಂವರೆಗೆ
• ಸಣ್ಣ: 2 ಕಿಲೋಗ್ರಾಂಗಿಂತ ಹೆಚ್ಚು, 25 ಕಿಲೋಗ್ರಾಂವರೆಗೆ
• ಮಧ್ಯಮ: 25 ಕಿಲೋಗ್ರಾಂಗಿಂತ ಹೆಚ್ಚು, 150 ಕಿಲೋಗ್ರಾಂವರೆಗೆ
• ದೊಡ್ಡ: 150 ಕಿಲೋಗ್ರಾಂಗಿಂತ ಹೆಚ್ಚು

ಹವ್ಯಾಸಿಗಳ ಬಳಿ ಇರುವುದು ಬಹುತೇಕ ಮೊದಲ ಎರಡು ವರ್ಗದ ಡ್ರೋನ್‌ಗಳು. 249 ಗ್ರಾಂ ತೂಗುವ ಡ್ರೋನ್‌ಗೆ ದೊಡ್ಡ ಬ್ಯಾಟರಿ ಅಥವಾ ರೆಕ್ಕೆರಕ್ಷಕ ಜೋಡಿಸಿದರೆ ಅದು ಮೈಕ್ರೋ ವರ್ಗಕ್ಕೆ ಸೇರುತ್ತದೆ. 250 ಗ್ರಾಂ ಮೀರಿದ ಡ್ರೋನ್‌ಗೆ ವಿಶಿಷ್ಟ ಗುರುತಿನ ಸಂಖ್ಯೆಯೂ ಮೂರನೆಯವರ ವಿಮೆಯೂ ಅಗತ್ಯ. ದೂರ ಚಾಲಕನ ಪ್ರಮಾಣಪತ್ರವು ನ್ಯಾನೋ ಡ್ರೋನ್‌ಗಳಿಗೂ, ವಾಣಿಜ್ಯೇತರ ಉದ್ದೇಶಕ್ಕೆ ಬಳಸುವ ಮೈಕ್ರೋ ಡ್ರೋನ್‌ಗಳಿಗೂ ಬೇಕಾಗಿಲ್ಲ. ಮದುವೆ ಅಥವಾ ಹೋಂಸ್ಟೇ ಪ್ರಚಾರಕ್ಕಾಗಿ ಹಣ ಪಡೆದು ಮೈಕ್ರೋ ಡ್ರೋನ್ ಹಾರಿಸಿದರೆ ಅದು ವಾಣಿಜ್ಯ ಬಳಕೆಯಾಗುತ್ತದೆ. ನಿಯಮ ಉಲ್ಲಂಘನೆಗೆ ಒಂದು ಲಕ್ಷ ರೂಪಾಯಿವರೆಗೆ ದಂಡವಿದೆ. 2022ರ ಫೆಬ್ರುವರಿಯಿಂದ ಸಿದ್ಧ ಡ್ರೋನ್‌ಗಳ ಆಮದನ್ನು ಸಂಶೋಧನೆ, ರಕ್ಷಣೆ ಮತ್ತು ಭದ್ರತೆಯ ಉದ್ದೇಶಗಳನ್ನು ಬಿಟ್ಟು ನಿಷೇಧಿಸಲಾಗಿದೆ.

ವಾಯುಪ್ರದೇಶದ ವಲಯಗಳು

ದೇಶದ ವಾಯುಪ್ರದೇಶವನ್ನು ಹಸಿರು, ಹಳದಿ ಮತ್ತು ಕೆಂಪು ವಲಯಗಳಾಗಿ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಗುರುತಿಸಲಾಗಿದೆ. ಹಸಿರು ವಲಯದಲ್ಲಿ ನೆಲದಿಂದ 400 ಅಡಿ, ಅಂದರೆ 120 ಮೀಟರ್‌ವರೆಗೆ ಹಾರಿಸಲು ಪೂರ್ವಾನುಮತಿ ಬೇಡ. ವಿಮಾನ ನಿಲ್ದಾಣದ ಆವರಣದಿಂದ 8ರಿಂದ 12 ಕಿಲೋಮೀಟರ್ ದೂರದ ಪ್ರದೇಶದಲ್ಲಿ ಈ ಮಿತಿ 200 ಅಡಿ, ಅಂದರೆ 60 ಮೀಟರ್. ಹಳದಿ ವಲಯದಲ್ಲಿ ವಾಯುಸಂಚಾರ ನಿಯಂತ್ರಣ ಪ್ರಾಧಿಕಾರದ ಅನುಮತಿಯೂ, ಕೆಂಪು ವಲಯದಲ್ಲಿ ಕೇಂದ್ರ ಸರ್ಕಾರದ ಅನುಮತಿಯೂ ಬೇಕು. ಗೋಣಿಬೀಡಿನ ಸುತ್ತಮುತ್ತ ವಿಮಾನ ನಿಲ್ದಾಣವಿಲ್ಲದಿದ್ದರೂ ನಕ್ಷೆಯನ್ನು ಪ್ರತಿ ಹಾರಾಟಕ್ಕೆ ಮೊದಲು ನೋಡಬೇಕಾಗುತ್ತದೆ. ಪೊಲೀಸ್ ವರಿಷ್ಠಾಧಿಕಾರಿಗಿಂತ ಕೆಳದರ್ಜೆಯವರಲ್ಲದ ಅಧಿಕಾರಿಯ ಮೂಲಕ ಯಾವುದೇ ಪ್ರದೇಶವನ್ನು 96 ಗಂಟೆಗಳವರೆಗೆ ತಾತ್ಕಾಲಿಕ ಕೆಂಪು ವಲಯವೆಂದು ಘೋಷಿಸಲು ನಿಯಮಗಳಲ್ಲಿ ಅವಕಾಶವಿದೆ.

ಮಾನವಸಹಿತ ವಿಮಾನಕ್ಕೆ ಯಾವಾಗಲೂ ದಾರಿ ಬಿಡಬೇಕು. ಪ್ರವಾಹ ಮತ್ತು ಭೂಕುಸಿತದ ಸಂದರ್ಭಗಳಲ್ಲಿ ರಕ್ಷಣಾ ಹೆಲಿಕಾಪ್ಟರ್‌ಗಳು ತಗ್ಗಿನಲ್ಲಿ ಹಾರುವುದರಿಂದ, ಆಗ ಹವ್ಯಾಸಿ ಡ್ರೋನ್ ಹಾರಿಸುವುದು ಜೀವರಕ್ಷಣೆಗೆ ಅಡ್ಡಿಯಾಗುತ್ತದೆ. ಅಪಘಾತವಾದರೆ 48 ಗಂಟೆಗಳೊಳಗೆ ವರದಿ ಸಲ್ಲಿಸಬೇಕು.

ಅರಣ್ಯ, ಸ್ಮಾರಕ ಮತ್ತು ಖಾಸಗಿತನ

ಡ್ರೋನ್ ನಕ್ಷೆಯಲ್ಲಿ ಹಸಿರು ಬಣ್ಣವಿದೆ ಎಂದ ಮಾತ್ರಕ್ಕೆ ಎಲ್ಲ ಅನುಮತಿಯೂ ದೊರೆತಂತಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 27 ಮತ್ತು 28ನೇ ಪ್ರಕರಣಗಳ ಪ್ರಕಾರ ಅಭಯಾರಣ್ಯದೊಳಗಿನ ಪ್ರವೇಶವೂ ಛಾಯಾಗ್ರಹಣವೂ ಅನುಮತಿಗೆ ಒಳಪಟ್ಟಿವೆ. ರಾಷ್ಟ್ರೀಯ ಉದ್ಯಾನಗಳಿಗೂ ಇವು ಅನ್ವಯಿಸುತ್ತವೆ. ಹೀಗಾಗಿ ಕುದುರೆಮುಖ ರಾಷ್ಟ್ರೀಯ ಉದ್ಯಾನ ಮತ್ತು ಭದ್ರಾ ಹುಲಿ ಸಂರಕ್ಷಿತ ಪ್ರದೇಶಗಳಲ್ಲಿ ಅರಣ್ಯ ಇಲಾಖೆಯ ಲಿಖಿತ ಒಪ್ಪಿಗೆಯಿಲ್ಲದೆ ಡ್ರೋನ್ ಹಾರಿಸುವಂತಿಲ್ಲ. ಚಾರಣಕ್ಕೆ ಪಡೆದ ಚೀಟಿ ಡ್ರೋನ್ ಅನುಮತಿಯಲ್ಲ. ಬೇಲೂರು, ಹಳೇಬೀಡಿನಂತಹ ಕೇಂದ್ರ ಸಂರಕ್ಷಿತ ಸ್ಮಾರಕಗಳಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣದ ಪೂರ್ವಾನುಮತಿ ಬೇಕು.

ತೋಟಗಳು ಖಾಸಗಿ ಸ್ವತ್ತುಗಳು. ಕಾರ್ಮಿಕರ ಲೈನ್ ಮನೆಗಳು, ಬಟ್ಟೆ ಒಗೆಯುವ ಹಳ್ಳಗಳು, ಮನೆಯಂಗಳಗಳು ಮೇಲಿನಿಂದ ತೆರೆದು ಕಾಣುತ್ತವೆ. ಅಲ್ಲಿರುವವರಿಗೆ ತಮ್ಮನ್ನು ಯಾರು, ಏತಕ್ಕೆ ಚಿತ್ರೀಕರಿಸುತ್ತಿದ್ದಾರೆಂದು ತಿಳಿಯುವ ದಾರಿಯಿಲ್ಲ. ಮಹಿಳೆಯರ ಖಾಸಗಿ ಕ್ಷಣಗಳನ್ನು ನೋಡುವುದು ಅಥವಾ ಚಿತ್ರೀಕರಿಸುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಪ್ರಕರಣದಡಿ ಅಪರಾಧ. ನಿರ್ಲಕ್ಷ್ಯದಿಂದ ಇತರರ ಜೀವಕ್ಕೆ ಅಪಾಯ ತರುವುದಕ್ಕೆ 125ನೇ ಪ್ರಕರಣ ಅನ್ವಯಿಸುತ್ತದೆ. ಮಾಲೀಕರಿಗಷ್ಟೇ ಅಲ್ಲದೆ ಕೆಲಸದಲ್ಲಿರುವವರಿಗೂ ಮೊದಲೇ ತಿಳಿಸಿ ಹಾರಿಸುವುದು ಸೌಜನ್ಯವೂ ಹೌದು, ಸುರಕ್ಷತೆಯೂ ಹೌದು.

ಹಾರಾಟಕ್ಕೆ ಮೊದಲಿನ ಪರಿಶೀಲನೆ

• ವಾಯುಪ್ರದೇಶದ ನಕ್ಷೆ, ಅರಣ್ಯದ ಗಡಿ ಮತ್ತು ಸ್ಥಳದ ಮಾಲೀಕರ ಒಪ್ಪಿಗೆ ಖಚಿತಪಡಿಸಿಕೊಳ್ಳುವುದು.
• ಆನೆಗಳ ಇರುವಿಕೆಯ ಬಗ್ಗೆ ಊರಿನವರನ್ನು ವಿಚಾರಿಸುವುದು.
• ತಿರುಗುರೆಕ್ಕೆಗಳಲ್ಲಿ ಬಿರುಕು, ಬ್ಯಾಟರಿಯಲ್ಲಿ ಉಬ್ಬು ಇದೆಯೇ ಎಂದು ನೋಡುವುದು.
• ಉಪಗ್ರಹ ಸಂಪರ್ಕ ದೊರೆತು, ಹೊರಟ ಸ್ಥಳ ದಾಖಲಾಗುವವರೆಗೆ ಕಾಯುವುದು. ದಟ್ಟ ಮರಗಳ ಕೆಳಗೆ ಇದಕ್ಕೆ ಹೆಚ್ಚು ಸಮಯ ಬೇಕಾಗುತ್ತದೆ.
• ಮರಳುವ ಎತ್ತರವನ್ನು ಆ ಸ್ಥಳಕ್ಕೆ ತಕ್ಕಂತೆ ನಿಗದಿಪಡಿಸುವುದು.
• ಡ್ರೋನ್ ಸದಾ ಬರಿಗಣ್ಣಿಗೆ ಕಾಣುವಷ್ಟು ಹತ್ತಿರ ಇರಿಸುವುದು. ಸಣ್ಣ ಡ್ರೋನ್ ಹಸಿರು ಬೆಟ್ಟದ ಹಿನ್ನೆಲೆಯಲ್ಲಿ ಕೆಲವು ನೂರು ಮೀಟರ್‌ಗಳಲ್ಲೇ ಕಣ್ಮರೆಯಾಗುತ್ತದೆ.
• ಪರದೆ ನೋಡುವವನ ಜೊತೆಗೆ ಆಕಾಶ ನೋಡುವ ಸಹಾಯಕನೊಬ್ಬ ಇರುವುದು.
• ಜನ, ವಾಹನ ಮತ್ತು ದನಕರುಗಳ ನೇರ ಮೇಲೆ ಹಾರಿಸದಿರುವುದು.

ಡ್ರೋನ್ ಮತ್ತು ನೆಲದ ಕ್ಯಾಮೆರಾ

ಹವ್ಯಾಸಿ ಡ್ರೋನ್‌ಗಳ ಮಸೂರಗಳು ಬಹುತೇಕ 24 ಮಿ.ಮೀ.ಗೆ ಸಮಾನವಾದ ವಿಶಾಲಕೋನದವು, ಸಂವೇದಕ ಚಿಕ್ಕದು. ಮಂದ ಬೆಳಕಿನಲ್ಲಿ ಚಿತ್ರ ಕಣಕಣವಾಗುತ್ತದೆ. ನದಿಯ ತಿರುವು, ಗದ್ದೆಗಳ ವಿನ್ಯಾಸ, ಅರಳಿದ ಕಾಫಿ ತೋಟದ ವ್ಯಾಪ್ತಿ ಮುಂತಾದವುಗಳನ್ನು ಮೇಲಿನಿಂದ ತೋರಿಸುವುದು ಡ್ರೋನಿನ ವಿಶೇಷ. ಬೆಟ್ಟದ ಪದರಗಳು, ಮಂಜಿನ ಅಂಚು, ಬೆಳಗಿನ ಓರೆಬೆಳಕು ಇವುಗಳಿಗೆ ಮುಕ್ಕಾಲಿಯ ಮೇಲಿನ ಕ್ಯಾಮೆರಾವೇ ಹೆಚ್ಚು ಸಮರ್ಥ. ಮಲೆನಾಡಿನ ಎತ್ತರದ ದಿಣ್ಣೆಗಳು ತಾವೇ ವೈಮಾನಿಕ ನೋಟ ಒದಗಿಸುವುದರಿಂದ, ಅನುಮತಿಯಿಲ್ಲದ ಅಥವಾ ಅಪಾಯವಿರುವ ಕಡೆಗಳಲ್ಲಿ ಡ್ರೋನ್ ಇಲ್ಲದೆಯೂ ಇಂತಹ ಚಿತ್ರಗಳನ್ನು ತೆಗೆಯಲು ಸಾಧ್ಯವಿದೆ.